ಹಂಪೆಯ ಅಂಗಡಿಬೀದಿ

ನಮ್ಮ ಹಗರಿಬೊಮ್ಮನಹಳ್ಳಿಯೂ ಹಂಪೆಯೂ ಇಂದು ಒಂದೇ ವಿಜಯನಗರ ಜಿಲ್ಲೆಗೆ ಸೇರಿವೆ. ಅಂಗಡಿಯೂ ಮನೆಯೂ ಒಂದೇ ಸೂರಿನಡಿ ಕೂಡಿದ ಕಟ್ಟಡಗಳ ಚರಿತ್ರೆಗೆ ವಿರೂಪಾಕ್ಷ ದೇವಾಲಯದ ಮುಂದಣ ಬೀದಿ ಒಳ್ಳೆಯ ನಿದರ್ಶನ.

1520ರ ಸುಮಾರಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್, ಯಾತ್ರಿಕರು ತಂಗುವ ಕಂಬಸಾಲೆಗಳಿದ್ದ ಈ ಬೀದಿಯನ್ನು ಬಣ್ಣಿಸಿದ್ದಾನೆ. ನಗರದ ಇನ್ನೊಂದು ಬೀದಿಯಲ್ಲಿ ವರ್ತಕರು ನೆಲೆಸಿದ್ದರೆಂದೂ ಅಲ್ಲಿ ಮಾಣಿಕ್ಯ, ವಜ್ರ, ಮುತ್ತುಗಳು ದೊರೆಯುತ್ತಿದ್ದವೆಂದೂ ಬರೆದಿದ್ದಾನೆ. ಹಲವು ನಾಡುಗಳ ಸಂಪರ್ಕವಿದ್ದ ಆ ನಗರದ ಕಟ್ಟಡಗಳಲ್ಲಿಯೂ ಬೆರಕೆಯುಂಟು: ಕಮಲಮಹಲಿನಲ್ಲಿ ಇಸ್ಲಾಮೀ ಶೈಲಿಯ ಕಮಾನುಗಳ ಮೇಲೆ ದೇಗುಲದ ಮಾದರಿಯ ಶಿಖರಗಳು ನಿಂತಿವೆ.

1565ರಲ್ಲಿ ನಗರ ಹಾಳಾಯಿತು. ಕಾಲಾನಂತರದಲ್ಲಿ ಜನರು ಬೀದಿಯ ಸಾಲುಮಂಟಪಗಳ ಕಂಬಗಳ ನಡುವೆ ಗೋಡೆಯೆತ್ತಿ, ಮುಂದೆ ಅಂಗಡಿಯಿಟ್ಟು ಹಿಂದೆ ಸಂಸಾರ ಹೂಡಿದರು. 1986ರಲ್ಲಿ ಹಂಪೆಯು ಯುನೆಸ್ಕೊದ ವಿಶ್ವಪರಂಪರೆಯ ಪಟ್ಟಿಗೆ ಸೇರಿತು. 2011ರ ಜುಲೈಯಲ್ಲಿ ಆ ಅಂಗಡಿ ಮನೆಗಳನ್ನು ಕೆಡವಿ ಮಂಟಪಗಳನ್ನು ತೆರವು ಮಾಡಲಾಯಿತು.

ಪ್ರಾಚೀನ ಕೆತ್ತನೆಯನ್ನು ಮರೆಮಾಡಿದ ಗೋಡೆಗಳನ್ನು ನಾವು ಸಮರ್ಥಿಸಲಾರೆವು. ಆದರೆ ಪೇಟೆಯೆಂದರೆ ಕಲ್ಲಷ್ಟೇ ಅಲ್ಲ; ಕೊಳ್ಳುವವರು, ಮಾರುವವರು, ಅಲ್ಲಿಯೇ ಒಲೆ ಹಚ್ಚುವವರು ಸೇರಿದರೇ ಪೇಟೆ. ಇಂದು ಹಂಪೆಯಲ್ಲಿ ಕಂಬಗಳು ಉಳಿದಿವೆ, ಒಲೆಗಳು ಆರಿವೆ. ನಮ್ಮ ಸುತ್ತಣ ಊರುಗಳ ಹಳೆಯ ಅಂಗಡಿಮನೆಗಳನ್ನು ಕಾಪಾಡುವ ಮಾತು ಬಂದಾಗ, ಮೊದಲು ಅವುಗಳೊಳಗೆ ಬಾಳುವವರ ಮಾತನ್ನು ಕೇಳೋಣ.