ಯಜಮಾನನ ಉತ್ತರದಲ್ಲಿ ಕಾಣದವರು: ಆಸ್ತಿ ಸಮೀಕ್ಷೆ ಮತ್ತು ಲಿಂಗದೃಷ್ಟಿ

ಅಭಿವೃದ್ಧಿ ಕುರಿತ ಸಮೀಕ್ಷೆಗಳು ಬಹುಕಾಲ ಕುಟುಂಬವನ್ನೇ ಅಳತೆಯ ಘಟಕವಾಗಿ ಇಟ್ಟುಕೊಂಡಿದ್ದವು. ಜಮೀನು ಎಷ್ಟು, ದನಕರು ಎಷ್ಟು, ವರ್ಷದ ಆದಾಯ ಎಷ್ಟು ಎಂದು ಮನೆಯ ಯಜಮಾನನನ್ನು ಕೇಳುವುದು, ಅವನು ಹೇಳಿದ್ದನ್ನು ಇಡೀ ಮನೆಯ ಲೆಕ್ಕವೆಂದು ಬರೆದುಕೊಳ್ಳುವುದು ವಾಡಿಕೆ. ಮನೆಗೆ ಬಂದದ್ದು ಮನೆಮಂದಿಗೆಲ್ಲ ಸಲ್ಲುತ್ತದೆ ಎಂಬ ನಂಬಿಕೆ ಇದರ ಹಿಂದಿದೆ. ಡೆನ್ಮಾರ್ಕಿನ ಅರ್ಥಶಾಸ್ತ್ರಜ್ಞೆ ಎಸ್ಟರ್ ಬೋಸರಪ್ 1970ರಲ್ಲಿ ಪ್ರಕಟಿಸಿದ ಕೃತಿ, ಆರ್ಥಿಕ ಅಭಿವೃದ್ಧಿಯಲ್ಲಿ ಹೆಂಗಸರ ಪಾತ್ರವನ್ನು ಚರ್ಚೆಯ ಮುನ್ನೆಲೆಗೆ ತಂದಿತು. ಮೂರನೇ ಜಗತ್ತಿನ ವಿದುಷಿಯರ ‘ಡಾನ್’ ಜಾಲ ರೂಪುಗೊಂಡದ್ದು 1984ರಲ್ಲಿ, ಬೆಂಗಳೂರಿನ ಸಭೆಯೊಂದರಲ್ಲಿ. ಮರುವರ್ಷದ ನೈರೋಬಿ ಮಹಿಳಾ ಸಮ್ಮೇಳನಕ್ಕೆ ಅದು ದಕ್ಷಿಣ ದೇಶಗಳ ದನಿಯನ್ನು ಒಯ್ದಿತು. ಅಷ್ಟೆಲ್ಲ ಆದ ಮೇಲೂ ಪ್ರಶ್ನಾವಳಿಗಳು ನಿಧಾನವಾಗಿಯೇ ಬದಲಾದವು. ವರದಿಗೆ ಮಹಿಳೆಯರ ಬಗ್ಗೆ ಒಂದು ಅಧ್ಯಾಯ ಸೇರಿಸಿದ ಮಾತ್ರಕ್ಕೆ ಈ ಕೊರತೆ ತುಂಬದು, ಯಾರನ್ನು ಯಾವ ಘಟಕವಾಗಿ ಎಣಿಸುತ್ತೇವೆ ಎಂಬಲ್ಲಿಂದಲೇ ತಿದ್ದುಪಡಿ ಶುರುವಾಗಬೇಕು ಎಂಬುದು ಈ ಲೇಖನದ ವಾದ.

ಪಶ್ಚಿಮ ಆಫ್ರಿಕಾದ ಗ್ಯಾಂಬಿಯಾ ಇದಕ್ಕೆ ಒಳ್ಳೆಯ ನಿದರ್ಶನ. ನದೀತೀರದ ಜವುಗು ಗದ್ದೆಗಳಲ್ಲಿ ಭತ್ತ ಬೆಳೆಯುವವರು ಮಾಂಡಿಂಕಾ ಹೆಂಗಸರು. ಎತ್ತರದ ಒಣಹೊಲದ ಶೇಂಗಾ ಗಂಡಸರದು. ಅಲ್ಲಿನ ಹೊಲಗಳಲ್ಲಿ ಎರಡು ಬಗೆ. ಮನೆಮಂದಿಯೆಲ್ಲ ದುಡಿದು, ಯಜಮಾನನ ಹತೋಟಿಯಲ್ಲಿ ಫಸಲು ಉಳಿಯುವುದು ‘ಮರುವೊ’. ಒಬ್ಬರೇ ಬೆಳೆದು ಫಸಲನ್ನು ತಾವೇ ಇಟ್ಟುಕೊಳ್ಳುವುದು ‘ಕಮನ್ಯಾಂಗೊ’. 1966ರಲ್ಲಿ ಬಂದ ತೈವಾನ್ ತಂಡ ನೀರಾವರಿ ಭತ್ತದ ವ್ಯವಹಾರವನ್ನು ಗಂಡಸರ ಜೊತೆಗೇ ನಡೆಸಿತು. ಇದನ್ನು ಅಧ್ಯಯನ ಮಾಡಿದ ಜೆನ್ನಿ ಡೇ, ಭತ್ತದ ಅನುಭವವೆಲ್ಲ ಇದ್ದ ಹೆಂಗಸರನ್ನೇ ಯೋಜನೆ ಹೊರಗಿಟ್ಟಿತೆಂದು 1981ರಲ್ಲಿ ಬರೆದರು.

1984ರಲ್ಲಿ ಅಲ್ಲೇ ಆರಂಭವಾದ ಜಹಾಲಿ–ಪಚಾರ್ ನೀರಾವರಿ ಭತ್ತದ ಯೋಜನೆ ಆ ತಪ್ಪನ್ನು ತಿದ್ದಲು ಹೊರಟಿತು. ಹೆಂಗಸರು ಪ್ರತಿಭಟಿಸಿದ ಮೇಲೆ ಗದ್ದೆಗಳು ಅವರ ಹೆಸರಿಗೆ ದಾಖಲಾದವು. ಆದರೆ ಮನೆಗಳಲ್ಲಿ ಆ ಗದ್ದೆಗಳನ್ನು ‘ಮರುವೊ’ ಎಂದು ಕರೆದುಬಿಟ್ಟರು. ಹೆಸರು ಹೆಂಡತಿಯದು, ಫಸಲು ಗಂಡನ ಕೈಗೆ. ವರ್ಷಕ್ಕೆ ಎರಡು ಬೆಳೆ ಬರತೊಡಗಿದಾಗ ಹೆಂಗಸರ ದುಡಿಮೆ ಹೆಚ್ಚಿತು, ಸ್ವಂತದ ಗಳಿಕೆ ಕುಗ್ಗಿತು. ಕೆಲವರು ಕೂಲಿ ಕೇಳಿದರು, ಕೆಲವರು ಗದ್ದೆಗೆ ಇಳಿಯಲೇ ಒಲ್ಲೆವೆಂದರು. ಭೂಗೋಳಶಾಸ್ತ್ರಜ್ಞೆ ಜೂಡಿತ್ ಕಾರ್ನಿ ಈ ಜಗಳಗಳನ್ನು ವಿವರವಾಗಿ ದಾಖಲಿಸಿದ್ದಾರೆ. ಇಡೀ ಮನೆಯ ಉತ್ಪಾದನೆಯನ್ನಷ್ಟೇ ಕೂಡಿಸುವ ಸಮೀಕ್ಷೆಗೆ ಅಲ್ಲಿ ಕಾಣುತ್ತಿದ್ದದ್ದು ಯಶಸ್ಸು ಮಾತ್ರ. ಭೂದಾಖಲೆಯಲ್ಲಿ ಹೆಣ್ಣಿನ ಹೆಸರು ಎಣಿಸಿದ ಸಂಶೋಧಕರಿಗೂ ಅದೇ ಯಶಸ್ಸು ಕಾಣುತ್ತಿತ್ತು, ಇದು ಇನ್ನೂ ಆತಂಕದ ಸಂಗತಿ.

ನಮ್ಮ ಪಹಣಿಯಲ್ಲೂ ಈ ತೊಡಕು ಇದೆ. ಒಂಬತ್ತನೇ ಕಾಲಂನಲ್ಲಿ ಕಬ್ಜೆದಾರರ ಹೆಸರು. ಗಂಡಸಾದರೆ ‘ಬಿನ್’ ಎಂದು ತಂದೆಯ ಹೆಸರು, ಮದುವೆಯಾದ ಹೆಂಗಸಾದರೆ ‘ಕೋಂ’ ಎಂದು ಗಂಡನ ಹೆಸರು. ಜಮೀನು ಯಾರ ಹೆಸರಿಗಿದೆ ಎಂಬುದು ಅಲ್ಲಿ ಸಿಗುತ್ತದೆ. ಬೆಳೆ ಮಾರಿದ ಹಣ ಯಾರ ಕೈ ಸೇರಿತು, ಆ ಜಮೀನನ್ನು ಅವಳು ಮಾರಲು ಅಥವಾ ಒತ್ತೆಯಿಡಲು ಆಗುತ್ತದೆಯೇ ಎಂಬುದಕ್ಕೆ ಯಾವ ಕಾಲಂನಲ್ಲೂ ಉತ್ತರವಿಲ್ಲ.

ಈ ದಿಕ್ಕಿನಲ್ಲಿ ದೊಡ್ಡ ಹೆಜ್ಜೆಯಿಟ್ಟದ್ದು 2010–11ರ ಸುಮಾರಿಗೆ ಈಕ್ವೆಡಾರ್, ಘಾನಾ ಮತ್ತು ಕರ್ನಾಟಕದಲ್ಲಿ ನಡೆದ ಆಸ್ತಿ ಅಂತರದ ಸಮೀಕ್ಷೆ. ಕಾರ್ಮೆನ್ ಡಯಾನಾ ಡೀರ್, ಷೆರಿಲ್ ಡಾಸ್, ಅಬೆನಾ ಒಡುರೊ ಮತ್ತು ಬೆಂಗಳೂರಿನ ಐಐಎಂನ ಹೇಮಾ ಸ್ವಾಮಿನಾಥನ್ ಇದರ ಮುಂಚೂಣಿಯಲ್ಲಿದ್ದರು. ಕರ್ನಾಟಕದಲ್ಲೇ ನಾಲ್ಕು ಸಾವಿರಕ್ಕೂ ಹೆಚ್ಚು ಮನೆಗಳನ್ನು ಸಮೀಕ್ಷಿಸಲಾಯಿತು. ಮನೆಯ ಒಂದೊಂದು ಆಸ್ತಿಗೂ ಮಾಲೀಕರು ಯಾರು, ಒಬ್ಬರೋ ಜಂಟಿಯೋ, ಬೆಲೆ ಎಷ್ಟು ಎಂದು ಬಿಡಿಬಿಡಿಯಾಗಿ ಕೇಳಿದ್ದು ಇದರ ಹೆಚ್ಚುಗಾರಿಕೆ. ಒಟ್ಟು ಭೌತಿಕ ಸಂಪತ್ತಿನಲ್ಲಿ ಹೆಂಗಸರ ಪಾಲು ಈಕ್ವೆಡಾರಿನಲ್ಲಿ ಶೇ. 52, ಘಾನಾದಲ್ಲಿ ಶೇ. 30, ಕರ್ನಾಟಕದಲ್ಲಿ ಶೇ. 19. ದಂಪತಿಗಳ ಸಂಪತ್ತಿನಲ್ಲಿ ಹೆಂಡತಿಯ ಪಾಲನ್ನಷ್ಟೇ ನೋಡಿದರೆ ಅದು ಕ್ರಮವಾಗಿ ಶೇ. 44, 19 ಮತ್ತು 9ಕ್ಕೆ ಇಳಿಯುತ್ತದೆ.

ಕರ್ನಾಟಕದ 19 ಮತ್ತು 9ರ ನಡುವಿನ ಅಂತರವನ್ನು ನಿಂತು ನೋಡಬೇಕು. ಗಂಡನಿರುವ ತನಕ ಹೆಂಗಸಿನ ಹೆಸರಿನಲ್ಲಿ ಆಸ್ತಿ ತೀರ ಕಡಿಮೆ. ಅವನು ತೀರಿಕೊಂಡ ಮೇಲೆ, ಪೌತಿ ಖಾತೆಯಾದಾಗ, ಒಂದಿಷ್ಟು ಅವಳ ಹೆಸರಿಗೆ ಬರುತ್ತದೆ ಎಂದೇ ನಾನು ಇದನ್ನು ಓದುತ್ತೇನೆ. ಈಕ್ವೆಡಾರ್ ನಮಗಿಂತ ಮುಂದಿರಲು ಮುಖ್ಯ ಕಾರಣ ಕಾನೂನು: ಮದುವೆಯ ನಂತರ ದಂಪತಿ ಸಂಪಾದಿಸಿದ್ದು ಅಲ್ಲಿ ಇಬ್ಬರದೂ ಹೌದು, ತಂದೆತಾಯಿಯ ಆಸ್ತಿಯಲ್ಲಿ ಗಂಡು ಹೆಣ್ಣಿಗೆ ಸಮಪಾಲು. ನಮ್ಮಲ್ಲಿ ಗಂಡ ಸಂಪಾದಿಸಿದ್ದು ಗಂಡನದೇ. ನೆರೆಯ ಗೋವಾದಲ್ಲಿ ಪೋರ್ಚುಗೀಸ್ ಕಾಲದ ಸಂಹಿತೆಯಿಂದಾಗಿ ದಂಪತಿಯ ಆಸ್ತಿ ಸಾಮಾನ್ಯವಾಗಿ ಜಂಟಿ. ಕಾರವಾರದ ಗಡಿ ದಾಟಿದರೆ ಸಿಗುವ ಈ ಹೋಲಿಕೆಯನ್ನು ನಮ್ಮ ಸಂಶೋಧಕರು ಇನ್ನಷ್ಟು ಬಳಸಿಕೊಳ್ಳಬೇಕಿತ್ತು. ಆಸ್ತಿ ಅಂತರದ ಸಮೀಕ್ಷೆಯ ಗ್ರಾಮೀಣ ಕರ್ನಾಟಕದ ಮಾಹಿತಿಯ ಮೇಲೆ ನಡೆದ ಇನ್ನೊಂದು ವಿಶ್ಲೇಷಣೆಯಲ್ಲಿ, ಮನೆ ಅಥವಾ ಜಮೀನು ಇರುವ ಹೆಂಗಸರಿಗೆ ಹೊರಗೆ ಓಡಾಡುವ ಸ್ವಾತಂತ್ರ್ಯವೂ ನಿರ್ಧಾರಗಳಲ್ಲಿ ದನಿಯೂ ಹೆಚ್ಚೆಂದು ಕಂಡುಬಂದಿದೆ.

ಕೇಳುವ ರೀತಿ ಬದಲಾದರೆ ಅಂಕಿಯೂ ಬದಲಾಗುತ್ತದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ. 43.3ರಷ್ಟು ಮಂದಿಗೆ ಒಂಟಿಯಾಗಿಯೋ ಜಂಟಿಯಾಗಿಯೋ ಮನೆ ಅಥವಾ ಜಮೀನು ಇದೆ. 2015–16ರ ಕೃಷಿ ಗಣತಿಯಲ್ಲಿ ಹೆಂಗಸರು ಸಾಗುವಳಿದಾರರಾಗಿರುವ ಹಿಡುವಳಿಗಳು ಸುಮಾರು ಶೇ. 14. ಮೊದಲನೆಯದರಲ್ಲಿ ವಾಸದ ಮನೆಯೂ ಸೇರಿದೆ, ಪಾಲು ಎಷ್ಟು ಸಣ್ಣದಾದರೂ ಲೆಕ್ಕಕ್ಕೆ ಬಂತು. ಎರಡನೆಯದು ಸಾಗುವಳಿ ಜಮೀನಿನ ಲೆಕ್ಕ ಮಾತ್ರ. ನೀತಿ ನಿರೂಪಕರು ತಮಗೆ ಬೇಕಾದ ಅಂಕಿಯನ್ನು ಆರಿಸಿಕೊಳ್ಳಲು ಇಲ್ಲಿ ದಾರಿ ಸಲೀಸಾಗಿದೆ.

ಆದರೂ ದಂಪತಿಯನ್ನು ಘಟಕವಾಗಿಸಿದ ಸಮೀಕ್ಷೆಗೂ ಒಂದು ಮಿತಿಯಿದೆ. ಕರ್ನಾಟಕ 1994ರಲ್ಲೇ ಹಿಂದೂ ಉತ್ತರಾಧಿಕಾರ ಕಾಯ್ದೆಗೆ ತಿದ್ದುಪಡಿ ತಂದು ಹೆಣ್ಣುಮಕ್ಕಳನ್ನು ಪಿತ್ರಾರ್ಜಿತ ಆಸ್ತಿಯಲ್ಲಿ ಸಹದಾಯಾದಿಗಳನ್ನಾಗಿ ಮಾಡಿತು. ಅದಕ್ಕೂ ಮೊದಲೇ ಮದುವೆಯಾದವರಿಗೆ ಆ ಹಕ್ಕು ಸಿಗಲಿಲ್ಲ. 2005ರಲ್ಲಿ ಇಡೀ ದೇಶಕ್ಕೆ ಬಂದ ತಿದ್ದುಪಡಿ ಆ ಭೇದವನ್ನು ತೆಗೆದುಹಾಕಿತು. 2020ರ ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಈ ಹಕ್ಕು ಹುಟ್ಟಿನಿಂದಲೇ ಬರುವಂಥದ್ದು, 2005ರಲ್ಲಿ ತಂದೆ ಬದುಕಿರಬೇಕೆಂದೇನಿಲ್ಲ ಎಂದಿತು. ಹಾಗಿದ್ದರೂ ತವರಿನ ನಂಟು ಕೆಡಬಾರದೆಂದು ಅಕ್ಕತಂಗಿಯರು ಅಣ್ಣತಮ್ಮಂದಿರಿಗೆ ಹಕ್ಕು ಬಿಡುಗಡೆ ಪತ್ರ ಬರೆದುಕೊಡುವುದು ನಮ್ಮ ಊರುಗಳಲ್ಲಿ ಎಲ್ಲರಿಗೂ ಗೊತ್ತಿರುವ ಸಂಗತಿ. ಮನೆಮನೆ ಸಮೀಕ್ಷೆಯ ಕಣ್ಣಿಗೆ ಇದು ಬೀಳುವುದಿಲ್ಲ. ಪಾಲು ಪಡೆದ ಅಣ್ಣ ಒಂದು ಮನೆಯಲ್ಲಿ, ಬಿಟ್ಟುಕೊಟ್ಟ ತಂಗಿ ಇನ್ನೊಂದು ತಾಲ್ಲೂಕಿನ ಮನೆಯಲ್ಲಿ. ಅಣ್ಣನ ಮನೆಯಲ್ಲಿ ಅವಳನ್ನು ಯಾರೂ ಎಣಿಸುವುದಿಲ್ಲ. ಅವಳ ಮನೆಯಲ್ಲಿ ‘ಜಮೀನು ಇಲ್ಲ’ ಎಂದು ಬರೆದುಕೊಂಡು ಮುಂದೆ ಹೋಗುತ್ತಾರೆ. ಮುಂದಿನ ಆಸ್ತಿ ಸಮೀಕ್ಷೆಗಳು ಒಡಹುಟ್ಟಿದವರನ್ನೂ ಒಂದು ಘಟಕವಾಗಿ ತೆಗೆದುಕೊಳ್ಳಬೇಕು, ಏನು ಸಿಕ್ಕಿತು ಎಂಬುದರ ಜೊತೆಗೆ ಏನು ಬಿಟ್ಟುಕೊಟ್ಟಿರಿ, ಅದರ ಬದಲಿಗೆ ಏನಾದರೂ ಬಂತೆ ಎಂದೂ ಕೇಳಬೇಕು. ನೋಂದಣಿಯಾದ ಬಿಡುಗಡೆ ಪತ್ರಗಳು ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ಇದ್ದೇ ಇವೆ. ಕೆಲಸವನ್ನು ಅಲ್ಲಿಂದ ಶುರುಮಾಡಬಹುದು.