ಮಂಗನ ಕಾಯಿಲೆ: ಡಾ. ಟೆಲ್ಫೋರ್ಡ್ ವರ್ಕ್ ಅವರ ಸಂಶೋಧನಾ ಲೇಖನಗಳು ಮತ್ತು ಅವುಗಳ ಪ್ರಭಾವ

ಶಿಕಾರಿಪುರ ತಾಲೂಕಿನ ತಾಳಗುಂದ ಇತಿಹಾಸಕಾರರಿಗೆ ಕದಂಬರ ಕಂಬದ ಶಾಸನದಿಂದ ಪರಿಚಿತ. ನೆರೆಯ ಸೊರಬ ತಾಲೂಕಿನ ಕ್ಯಾಸನೂರು ವೈದ್ಯ ಲೋಕಕ್ಕೆ ಪರಿಚಿತವಾಗಿರುವುದು ಒಂದು ಕಾಯಿಲೆಯಿಂದ. ನಾವು ಮಂಗನ ಕಾಯಿಲೆ ಎಂದು ಕರೆಯುವ ಜ್ವರಕ್ಕೆ ಪುಸ್ತಕಗಳಲ್ಲಿರುವ ಹೆಸರು ಕ್ಯಾಸನೂರು ಕಾಡಿನ ಕಾಯಿಲೆ. ಈ ಹೆಸರನ್ನು ಜಗತ್ತಿಗೆ ತಿಳಿಸಿದ ವಿಜ್ಞಾನಿಗಳಲ್ಲಿ ಡಾ. ಟೆಲ್ಫೋರ್ಡ್ ಎಚ್. ವರ್ಕ್ (1921-1995) ಪ್ರಮುಖರು.

ಹಿನ್ನೆಲೆ

1957ರಲ್ಲಿ ಸೊರಬದ ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದವು. ಅದೇ ವೇಳೆಗೆ ಕಾಡಂಚಿನ ಹಳ್ಳಿಗಳ ಜನರಿಗೆ ತೀವ್ರ ಜ್ವರ ಬಂತು. ದಕ್ಷಿಣ ಅಮೆರಿಕದಲ್ಲಿ ಮಂಗಗಳ ಸಾವು ಹಳದಿ ಜ್ವರದ ಮುನ್ಸೂಚನೆ. ಆದ್ದರಿಂದ ಆ ರೋಗ ಭಾರತಕ್ಕೂ ಬಂತೇ ಎಂಬ ಆತಂಕ ಮೂಡಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ರಾಕ್‌ಫೆಲ್ಲರ್ ಪ್ರತಿಷ್ಠಾನ ಸೇರಿ 1952ರಲ್ಲಿ ಪುಣೆಯಲ್ಲಿ ಆರಂಭಿಸಿದ ವೈರಸ್ ಸಂಶೋಧನಾ ಕೇಂದ್ರಕ್ಕೆ ಆಗ ಡಾ. ವರ್ಕ್ ನಿರ್ದೇಶಕರಾಗಿದ್ದರು. ಅವರ ತಂಡ ಪರೀಕ್ಷಿಸಿದಾಗ ಸಿಕ್ಕಿದ್ದು ಹಳದಿ ಜ್ವರದ ವೈರಸ್ ಅಲ್ಲ. ರಷ್ಯಾದಲ್ಲಿ ಉಣುಗುಗಳಿಂದ ಹರಡುವ ಮೆದುಳು ಜ್ವರದ ಗುಂಪಿಗೆ ಸೇರಿದ ಹೊಸ ವೈರಸ್.

ಪ್ರಮುಖ ಲೇಖನಗಳು

1957ರಲ್ಲಿಯೇ ಡಾ. ವರ್ಕ್ ಮತ್ತು ಡಾ. ಹೆರಾಲ್ಡ್ ಟ್ರಾಪಿಡೊ ಇಂಡಿಯನ್ ಜರ್ನಲ್ ಆಫ್ ಮೆಡಿಕಲ್ ಸೈನ್ಸಸ್ ಪತ್ರಿಕೆಯಲ್ಲಿ ಚಿಕ್ಕ ವರದಿ ಪ್ರಕಟಿಸಿದರು. 1958ರಲ್ಲಿ ಡಾ. ವರ್ಕ್ ಅವರ ವಿಸ್ತಾರವಾದ ಲೇಖನ ಬಂತು. 1959ರಲ್ಲಿ ಟ್ರಾಪಿಡೊ, ಪಿ. ಕೆ. ರಾಜಗೋಪಾಲನ್, ವರ್ಕ್ ಮತ್ತು ವರ್ಮ ಅವರು ಕಾಡಿನ ಉಣುಗುಗಳಲ್ಲಿಯೇ ಈ ವೈರಸ್ ಇರುವುದನ್ನು ಇಂಡಿಯನ್ ಜರ್ನಲ್ ಆಫ್ ಮೆಡಿಕಲ್ ರಿಸರ್ಚ್ ಪತ್ರಿಕೆಯಲ್ಲಿ ತೋರಿಸಿದರು. 1969ರಲ್ಲಿ ಡಾ. ಜಾರ್ಜ್ ಬೋಶೆಲ್ ಅವರು ಕಾಡು ಕಡಿಯುವುದು, ದನ ಮೇಯಿಸುವುದು ಮತ್ತು ಉಣುಗುಗಳ ಹೆಚ್ಚಳ, ಇವುಗಳ ಸಂಬಂಧವನ್ನು ವಿವರಿಸಿದರು.

ಉಲ್ಲೇಖದ ಲೆಕ್ಕ

ಒಂದು ಲೇಖನವನ್ನು ನಂತರದ ಲೇಖಕರು ಎಷ್ಟು ಬಾರಿ ಹೆಸರಿಸಿದ್ದಾರೆ ಎಂಬುದೇ ಉಲ್ಲೇಖ ಸಂಖ್ಯೆ. ಇದನ್ನು ಎಣಿಸುವ ಸೈನ್ಸ್ ಸೈಟೇಶನ್ ಇಂಡೆಕ್ಸ್ ಸೂಚಿಯನ್ನು ಯೂಜೀನ್ ಗಾರ್ಫೀಲ್ಡ್ 1964ರಲ್ಲಿ ಆರಂಭಿಸಿದರು. 2005ರಲ್ಲಿ ಜಾರ್ಜ್ ಹಿರ್ಶ್ ಎಚ್-ಇಂಡೆಕ್ಸ್ ಎಂಬ ಅಳತೆಯನ್ನು ಸೂಚಿಸಿದರು. ಒಬ್ಬರ 20 ಲೇಖನಗಳು ತಲಾ ಕನಿಷ್ಠ 20 ಬಾರಿ ಉಲ್ಲೇಖಗೊಂಡಿದ್ದರೆ ಅವರ ಎಚ್-ಇಂಡೆಕ್ಸ್ ಕನಿಷ್ಠ 20.

ಆದರೆ ಈ ಲೆಕ್ಕ ಕಾಯಿಲೆ ಎಲ್ಲಿದೆ ಎಂಬುದನ್ನೂ ಅವಲಂಬಿಸುತ್ತದೆ. ಡಾ. ವರ್ಕ್ ಪುಣೆಗೆ ಬರುವ ಮುನ್ನ ಈಜಿಪ್ಟಿನಲ್ಲಿ ವೆಸ್ಟ್ ನೈಲ್ ವೈರಸ್ ಕುರಿತು ದುಡಿದಿದ್ದರು. ಅವರು ಟೇಲರ್ ಮೊದಲಾದವರೊಂದಿಗೆ 1956ರಲ್ಲಿ ಪ್ರಕಟಿಸಿದ ಅಧ್ಯಯನವನ್ನು, 1999ರಲ್ಲಿ ನ್ಯೂಯಾರ್ಕ್ ನಗರದಲ್ಲಿ ಆ ವೈರಸ್ ಕಾಣಿಸಿಕೊಂಡ ಬಳಿಕ ವಿಜ್ಞಾನಿಗಳು ಮತ್ತೆ ಹುಡುಕಿ ಓದಿದರು. ಲೇಖನ ಬದಲಾಗಿರಲಿಲ್ಲ, ಕಾಯಿಲೆ ದೊಡ್ಡ ನಗರಕ್ಕೆ ಬಂದಿತ್ತು. ಮಲೆನಾಡಿನ ಕೂಲಿಕಾರರಿಗೂ ದನಗಾಹಿಗಳಿಗೂ ಬರುವ ಜ್ವರದ ಮೇಲಿನ ಲೇಖನಗಳಿಗೆ ಅಂಥ ಓದುಗ ಬಳಗ ಎಲ್ಲಿಂದ ಬರಬೇಕು?

ಉಲ್ಲೇಖವೆಂದರೆ ಒಪ್ಪಿಗೆ ಎಂದೂ ಅಲ್ಲ. 1994ರಲ್ಲಿ ಪ್ರಕಟವಾದ ಅಧ್ಯಯನವೊಂದು ಮಂಗನ ಕಾಯಿಲೆಯ ಲಸಿಕೆ ಒಂದು ಡೋಸಿಗೆ ಶೇ. 79.3, ಎರಡು ಡೋಸಿಗೆ ಶೇ. 93.5 ರಕ್ಷಣೆ ನೀಡುತ್ತದೆ ಎಂದಿತ್ತು. 2005ರಿಂದ 2010ರವರೆಗಿನ ಕರ್ನಾಟಕದ ಅಂಕಿಅಂಶ ಪರಿಶೀಲಿಸಿದ ಡಾ. ಜಿ. ಎಸ್. ಕಸಬಿ ಮತ್ತು ಸಂಗಡಿಗರು 2013ರಲ್ಲಿ ಅದನ್ನು ಉಲ್ಲೇಖಿಸಿಯೇ ಬೇರೆ ಫಲಿತಾಂಶ ನೀಡಿದರು: ಎರಡು ಡೋಸಿಗೆ ಶೇ. 62.4, ಬೂಸ್ಟರ್ ಸೇರಿದರೆ ಶೇ. 82.9. ಆ ಲಸಿಕೆಯ ಬಳಕೆ 2022ರಲ್ಲಿ ನಿಂತಿತು.

ನಿಜವಾದ ಪ್ರಭಾವ

1982ರ ಕೊನೆಯಲ್ಲಿ ಬೆಳ್ತಂಗಡಿ ತಾಲೂಕಿನಲ್ಲಿ, 2019ರಲ್ಲಿ ಸಾಗರ ತಾಲೂಕಿನ ಅರಳಗೋಡಿನಲ್ಲಿ ಕಾಯಿಲೆ ಉಲ್ಬಣಿಸಿದಾಗ ಜನರಿಗೆ ಹೇಳಿದ ಎಚ್ಚರಿಕೆಗಳು ಈ ಹಳೆಯ ಲೇಖನಗಳಿಂದಲೇ ಬಂದವು. ಮಂಗ ಸತ್ತ ಜಾಗದಲ್ಲಿ ಅದರ ಮೈಯ ಉಣುಗುಗಳು ನೆಲಕ್ಕೆ ಉದುರುತ್ತವೆ. ಆದ್ದರಿಂದ ಸತ್ತ ಮಂಗವನ್ನು ಮುಟ್ಟದೆ ಕೂಡಲೇ ಆರೋಗ್ಯ ಇಲಾಖೆಗೆ ತಿಳಿಸಬೇಕು. ಮನುಷ್ಯರಿಗೆ ಹೆಚ್ಚಾಗಿ ಕಚ್ಚುವುದು ಮರಿ ಉಣುಗು. ಅದು ಹೆಚ್ಚಿರುವ ಡಿಸೆಂಬರ್‌ನಿಂದ ಮೇವರೆಗೆ ಕಾಡಿಗೆ ಹೋಗುವವರು ಕೈಕಾಲಿಗೆ ಡೆಪಾ ತೈಲ ಹಚ್ಚಿಕೊಳ್ಳಬೇಕು, ಮೈ ತುಂಬ ಬಟ್ಟೆ ಧರಿಸಬೇಕು, ಮರಳಿದ ಮೇಲೆ ಬಿಸಿನೀರಿನಲ್ಲಿ ಸ್ನಾನ ಮಾಡಬೇಕು. ಜ್ವರ ಬಂದರೆ ಕಾಡಿಗೆ ಹೋಗಿದ್ದನ್ನು ವೈದ್ಯರಿಗೆ ತಿಳಿಸಬೇಕು.

ಈ ಮಾತುಗಳನ್ನು ಮನೆಮನೆಗೆ ಹೇಳಿದ ಆಶಾ ಕಾರ್ಯಕರ್ತೆಯರು ಯಾವ ಲೇಖನವನ್ನೂ ಬರೆದವರಲ್ಲ. ಅವರ ಕೆಲಸ ಯಾವ ಉಲ್ಲೇಖ ಸೂಚಿಗೂ ಸೇರುವುದಿಲ್ಲ. ಆದರೆ 1957ರ ಆ ಚಿಕ್ಕ ವರದಿ ಹಳ್ಳಿಗೆ ತಲುಪಿದ್ದು ಅವರಂಥವರ ಮೂಲಕವೇ.