ಪಾರಣೆಯ ಜೊತೆಗಾರರು

‘ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ’ ಎಂಬ ಗಾದೆಯನ್ನು ನಾವೆಲ್ಲರೂ ಬಾಲ್ಯದಿಂದ ಕೇಳುತ್ತ ಬಂದಿದ್ದೇವೆ. ಉಣ್ಣುವುದು ತಾನಾಗಿಯೇ ಬರುವ ವಿದ್ಯೆ, ಅದರಲ್ಲಿ ಹಿತಮಿತವನ್ನು ಅರಿತರೆ ಸಾಕು ಎಂಬ ನಂಬಿಕೆ ಅದರ ಹಿಂದಿದೆ. ಆದರೆ ಉಣ್ಣುವ ಕ್ರಿಯೆಯೇ ಭಯವಾಗಿ, ಅಪರಾಧವಾಗಿ ಕಾಡುವ ಕಾಯಿಲೆಗಳೂ ಇವೆ. ಹಸಿದಿದ್ದರೂ ತುತ್ತನ್ನೆತ್ತಲಾಗದ ಅನೊರೆಕ್ಸಿಯಾ, ಅಂಕೆ ತಪ್ಪಿ ಉಂಡು ಆಮೇಲೆ ಉಂಡದ್ದಕ್ಕಾಗಿ ತನ್ನನ್ನೇ ದಂಡಿಸಿಕೊಳ್ಳುವ ಬುಲಿಮಿಯಾ ಅಂಥವು. ಇವನ್ನು ಒಟ್ಟಾಗಿ ಆಹಾರಸೇವನೆಯ ಅಸ್ವಸ್ಥತೆಗಳು ಎಂದು ಕರೆಯಬಹುದು. ಇವು ಹುಡುಗಿಯರ ಹಟವೂ ಅಲ್ಲ, ಶ್ರೀಮಂತರ ಶೋಕಿಯೂ ಅಲ್ಲ. ಮಾನಸಿಕ ಕಾಯಿಲೆಗಳ ಪೈಕಿ ಅತಿ ಹೆಚ್ಚು ಸಾವು ತರುವಂಥವುಗಳಲ್ಲಿ ಅನೊರೆಕ್ಸಿಯಾ ಒಂದು. ಇಂಥ ಕಾಯಿಲೆಯಿಂದ ಎದ್ದು ಬರುತ್ತಿರುವವರ ತಟ್ಟೆಯ ಪಕ್ಕದಲ್ಲಿ ಯಾರು ಕೂರಬೇಕು? ಕಳೆದ ಒಂದೂವರೆ ಶತಮಾನದಲ್ಲಿ ಈ ಪ್ರಶ್ನೆಗೆ ಬೇರೆ ಬೇರೆ ಉತ್ತರಗಳು ಬಂದಿವೆ. ಆ ಉತ್ತರಗಳ ಚರಿತ್ರೆಯನ್ನು ಇಲ್ಲಿ ಸಂಕ್ಷೇಪವಾಗಿ ನೋಡೋಣ.

ಅದಕ್ಕೂ ಮೊದಲು ನಮ್ಮ ನೆಲದ ಒಂದು ಗೊಂದಲವನ್ನು ಬಿಡಿಸಿಕೊಳ್ಳಬೇಕು. ಕೇಂದ್ರ ಸರ್ಕಾರದ ನೌಕರಿಯ ನಿಮಿತ್ತ ನಾವು ನೆಲೆಸಿರುವ ಕುರಕುಂಭ, ಪುಣೆ ಜಿಲ್ಲೆಯ ದೌಂಡ್ ತಾಲ್ಲೂಕಿನ ಊರು. ಪುಣೆಯಿಂದ ಸೊಲ್ಲಾಪುರವನ್ನು ದಾಟಿ ನಮ್ಮ ಹುಮನಾಬಾದಿಗೆ ಬರುವ ಹೆದ್ದಾರಿಯ ಮೇಲಿದೆ. ಹೊರಗಿನವರಿಗೆ ಇದು ರಾಸಾಯನಿಕ ಕಾರ್ಖಾನೆಗಳ ಊರು, ಸುತ್ತಲಿನವರಿಗೆ ಫಿರಂಗಾಯಿ ದೇವಿಯ ಊರು. ನವರಾತ್ರಿ ಬಂದರೆ ಈ ಸೀಮೆಯಲ್ಲಿ ಒಂಬತ್ತು ದಿನ ಉಪವಾಸ ಹಿಡಿಯುವವರು ಮನೆಮನೆಯಲ್ಲೂ ಸಿಗುತ್ತಾರೆ. ಆಷಾಢ ಏಕಾದಶಿಯಂದು ಸಾಬುದಾಣಿ ಖಿಚಡಿಯ ಹೊರತು ಬೇರೆ ಅಡುಗೆ ಕಾಣುವುದೇ ಕಷ್ಟ. ಕನ್ನಡನಾಡಿನಲ್ಲೂ ಏಕಾದಶಿ, ಶಿವರಾತ್ರಿ, ಪರ್ಯುಷಣ, ರಂಜಾನ್ ಎಂದು ಉಪವಾಸಕ್ಕೆ ಗೌರವದ ಸ್ಥಾನವಿದೆ. ಆ ಗೌರವದ ಬಗ್ಗೆ ನಮಗೆ ತಕರಾರಿಲ್ಲ. ಆದರೆ ವ್ರತಕ್ಕೆ ಒಂದು ಸಂಕಲ್ಪವಿರುತ್ತದೆ, ಒಂದು ಅವಧಿಯಿರುತ್ತದೆ, ಕೊನೆಗೆ ಪಾರಣೆಯಿರುತ್ತದೆ. 1932ರ ಸೆಪ್ಟೆಂಬರ್ 20ರಂದು ಪುಣೆಯ ಯರವಡಾ ಜೈಲಿನಲ್ಲಿ ಗಾಂಧೀಜಿ ಆರಂಭಿಸಿದ ಉಪವಾಸ ಕೂಡ 26ರಂದು, ರವೀಂದ್ರನಾಥ ಠಾಕೂರರ ಸಮ್ಮುಖದಲ್ಲಿ, ಮುಗಿಯಿತು. ಕಾಯಿಲೆಯ ಉಪವಾಸಕ್ಕೆ ಪಾರಣೆಯಿಲ್ಲ. ಮುಗಿಸಬೇಕೆಂದು ಬಯಸಿದರೂ ಮುಗಿಸಲಾಗದಿರುವುದೇ ಆ ಕಾಯಿಲೆ. ಉಪವಾಸವನ್ನು ಮೆಚ್ಚುವ ಸಮಾಜದಲ್ಲಿ ಅದು ಮೆಚ್ಚುಗೆಯ ಮರೆಯಲ್ಲೇ ಬೆಳೆಯಬಲ್ಲದು. ‘ಎಷ್ಟು ಕಟ್ಟುನಿಟ್ಟು ನೋಡಿ ನಮ್ಮ ಹುಡುಗಿ’ ಎಂದು ಮನೆಯವರು ಹೆಮ್ಮೆಪಡುತ್ತಿರುವಾಗಲೇ ಆ ಹುಡುಗಿ ಕರಗುತ್ತಿರಬಹುದು.

ಯುರೋಪಿನಲ್ಲೂ ಇದೇ ಬಗೆಯ ಮರೆಯಿತ್ತು. ಇಟಲಿಯ ಸಿಯೆನಾದ ಸಂತ ಕ್ಯಾಥರೀನ್ ಅನ್ನವನ್ನು ತೊರೆಯುತ್ತ ಬಂದು 1380ರಲ್ಲಿ, ತನ್ನ 33ನೆಯ ವಯಸ್ಸಿನಲ್ಲಿ ತೀರಿಕೊಂಡಳು. ಆಕೆಯ ಕಾಲ ಅದನ್ನು ಭಕ್ತಿಯೆಂದೇ ಕಂಡಿತು. 1689ರಲ್ಲಿ ಇಂಗ್ಲೆಂಡಿನ ವೈದ್ಯ ರಿಚರ್ಡ್ ಮಾರ್ಟನ್, ಕ್ಷಯದ ಲಕ್ಷಣಗಳಿಲ್ಲದೆಯೂ ಕ್ಷಯಿಸುತ್ತಿದ್ದ ಇಬ್ಬರು ಎಳೆಯರ ಬಗ್ಗೆ ಬರೆದ. ಕಾಯಿಲೆಗೆ ಹೆಸರು ಬಂದದ್ದು 1873ರಲ್ಲಿ. ಆ ವರ್ಷ ಪ್ಯಾರಿಸ್ಸಿನಲ್ಲಿ ಶಾರ್ಲ್ ಲಾಸೆಗ್, ಲಂಡನ್ನಿನಲ್ಲಿ ವಿಲಿಯಂ ಗಲ್ ಇದನ್ನು ವಿವರಿಸಿದರು. ಗಲ್ ಕೊಟ್ಟ ಅನೊರೆಕ್ಸಿಯಾ ನರ್ವೋಸಾ ಎಂಬ ಹೆಸರೇ ನಿಂತಿತು. ಹಸಿವು ಇಲ್ಲದಿರುವುದು ಎಂಬುದು ಅದರ ಮೊದಲ ಪದದ ಅರ್ಥ. ಅದು ಅಷ್ಟು ಸರಿಯಾದ ಹೆಸರಲ್ಲ, ಏಕೆಂದರೆ ಇಲ್ಲಿ ಹಸಿವು ಬಹುಮಟ್ಟಿಗೆ ಇದ್ದೇ ಇರುತ್ತದೆ. ನಮ್ಮ ಆಯುರ್ವೇದದಲ್ಲಿ ಅರೋಚಕವೆಂಬ ಮಾತಿದೆ. ಶೋಕ, ಭಯ ಮುಂತಾದ ಮನಸ್ಸಿನ ಕಾರಣಗಳಿಂದಲೂ ಅನ್ನ ರುಚಿಸದೆ ಹೋಗಬಹುದೆಂದು ಚರಕಸಂಹಿತೆ ಗುರುತಿಸುತ್ತದೆ. ಅದೂ ಈ ಕಾಯಿಲೆಯೂ ಒಂದೇ ಎನ್ನಲಾಗದು. ಆದರೂ ಮನಸ್ಸು ನೊಂದರೆ ಅನ್ನ ಸೇರದು ಎಂಬ ಅರಿವು ನಮಗೆ ಹೊಸದಲ್ಲ.

ಪಕ್ಕದಲ್ಲಿ ಯಾರಿರಬೇಕೆಂಬ ಪ್ರಶ್ನೆಗೆ ಗಲ್ ಕೊಟ್ಟ ಉತ್ತರ ಕಠಿಣವಾಗಿತ್ತು. ಬಂಧುಗಳೂ ಸ್ನೇಹಿತರೂ ಸಾಮಾನ್ಯವಾಗಿ ಇಂಥ ರೋಗಿಗೆ ತೀರ ಒದಗದ ಶುಶ್ರೂಷಕರು, ರೋಗಿಯ ಮೇಲೆ ಹಿಡಿತವಿರುವ ಹೊರಗಿನವರ ಕೈಗೆ ಆರೈಕೆಯನ್ನು ಒಪ್ಪಿಸಬೇಕು ಎಂಬುದು ಆತನ ಅಭಿಪ್ರಾಯ. ಪ್ಯಾರಿಸ್ಸಿನ ಶಾರ್ಕೋ ಇನ್ನೂ ಮುಂದೆ ಹೋಗಿ, ತಂದೆತಾಯಿಯರಿಂದ ಮಗಳನ್ನು ಪೂರ್ತಿಯಾಗಿ ದೂರವಿಡುವುದೇ ಚಿಕಿತ್ಸೆಯ ಮೊದಲ ಮೆಟ್ಟಿಲೆಂದ. ಹೀಗೆ ದಶಕಗಳ ಕಾಲ ತಟ್ಟೆಯ ಪಕ್ಕದಲ್ಲಿ ಕುಳಿತದ್ದು ಸಂಬಳದ ಅಪರಿಚಿತರು. ತೂಕ ಏರುತ್ತಿತ್ತು. ಮನೆಗೆ ಮರಳಿದ ಮೇಲೆ ಎಷ್ಟೋ ಸಲ ಇಳಿಯುತ್ತಲೂ ಇತ್ತು.

ಬರಿಯ ಹಸಿವು ಮನಸ್ಸನ್ನು ಏನು ಮಾಡುತ್ತದೆಂದು ತೋರಿಸಿದ್ದು ಬೇರೊಂದು ಪ್ರಯೋಗ. ಎರಡನೆಯ ಮಹಾಯುದ್ಧದ ಕೊನೆಯ ಘಟ್ಟದಲ್ಲಿ, ಹಸಿದ ಜನರಿಗೆ ಮತ್ತೆ ಹೇಗೆ ಉಣಿಸಬೇಕೆಂದು ತಿಳಿಯಲು ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ 36 ಮಂದಿ ಆರೋಗ್ಯವಂತ ಯುವಕರನ್ನು ಅವರ ಒಪ್ಪಿಗೆಯಿಂದಲೇ ತಿಂಗಳುಗಟ್ಟಲೆ ಅರೆಹೊಟ್ಟೆಯಲ್ಲಿಟ್ಟ. ಯುದ್ಧದಲ್ಲಿ ಆಯುಧ ಹಿಡಿಯಲು ಒಪ್ಪದ ಶಾಂತಿವಾದಿಗಳು ಅವರು. ಕೆಲವೇ ವಾರಗಳಲ್ಲಿ ಅವರಿಗೆ ಅನ್ನದ ಹೊರತು ಬೇರೆ ಯೋಚನೆಯೇ ಉಳಿಯಲಿಲ್ಲ. ಅಡುಗೆಯ ಪುಸ್ತಕಗಳನ್ನು ಓದತೊಡಗಿದರು, ತುತ್ತನ್ನು ಗಂಟೆಗಟ್ಟಲೆ ಎಳೆದಾಡಿದರು, ಸ್ನೇಹಿತರಿಂದ ದೂರ ಸರಿದರು. ಮತ್ತೆ ಹೊಟ್ಟೆ ತುಂಬ ಊಟ ಸಿಕ್ಕ ಮೇಲೂ ಮನಸ್ಸು ಸ್ಥಿಮಿತಕ್ಕೆ ಬರಲು ತಿಂಗಳುಗಳೇ ಬೇಕಾದವು. ಕೆಲವರು ಪಥ್ಯವನ್ನು ಮುರಿದಾಗ, ಹೊರಗೆ ಹೋಗುವವರ ಜೊತೆ ಕಡ್ಡಾಯವಾಗಿ ಇನ್ನೊಬ್ಬ ಇರಬೇಕೆಂಬ ನಿಯಮ ಬಂತು. ಆ ಜೊತೆಗಾರ ಕಾವಲುಗಾರನಾಗಿದ್ದ. ದೇಹ ಚೇತರಿಸಿಕೊಂಡ ಮಾತ್ರಕ್ಕೆ ಮನುಷ್ಯ ಚೇತರಿಸಿಕೊಂಡಂತಲ್ಲ ಎಂಬುದು 1950ರಲ್ಲಿ ಪ್ರಕಟವಾದ ಈ ಅಧ್ಯಯನದಿಂದ ನಾವು ಕಲಿಯಬೇಕಾದ ಪಾಠ. ಆಸ್ಪತ್ರೆಯಿಂದ ಬಿಡುಗಡೆಯಾಗುವ ದಿನಕ್ಕೂ ನಿಜವಾಗಿ ಗುಣವಾಗುವ ದಿನಕ್ಕೂ ನಡುವೆ ಉದ್ದನೆಯ ದಾರಿಯೊಂದಿದೆ. ಅಲ್ಲಿ ಕಾವಲುಗಾರ ಸಾಲದು.

ಆ ದಾರಿಯನ್ನು ತಾನೇ ನಡೆದು ಬಂದವನು ಜೊತೆಗಿರಬೇಕೆಂಬ ಆಲೋಚನೆ ಹುಟ್ಟಿದ್ದು ಬೇರೆ ಕಡೆ. ಹದಿನೆಂಟನೆಯ ಶತಮಾನದ ಪ್ಯಾರಿಸ್ಸಿನಲ್ಲಿ ಚರ್ಮ ಹದಮಾಡುವ ಕಸುಬಿನ ಜಾನ್ ಬ್ಯಾಪ್ಟಿಸ್ಟ್ ಪ್ಯೂಸಾಂ ಗಂಡಮಾಲೆಯ ರೋಗಿಯಾಗಿ ಬಿಸೆತ್ರ್ ಆಸ್ಪತ್ರೆಯನ್ನು ಸೇರಿದ. ಗುಣ ಹೊಂದಿ ಅಲ್ಲಿಯೇ ಕೆಲಸಕ್ಕೆ ನಿಂತು ಮನೋರೋಗಿಗಳ ವಿಭಾಗದ ಮೇಲ್ವಿಚಾರಕನಾದ. ಚೇತರಿಸಿಕೊಂಡ ರೋಗಿಗಳನ್ನೇ ಪರಿಚಾರಕರನ್ನಾಗಿ ನೇಮಿಸಿಕೊಳ್ಳುವುದು ಆತನ ಪದ್ಧತಿ. ಅವರು ಹೊಡೆಯುವುದಿಲ್ಲ, ಹೀಯಾಳಿಸುವುದಿಲ್ಲ ಎಂಬುದನ್ನು ಆತ ಕಂಡುಕೊಂಡಿದ್ದ. 1793ರಲ್ಲಿ ಅಲ್ಲಿಗೆ ಬಂದ ವೈದ್ಯ ಫಿಲಿಪ್ ಪಿನೆಲ್ ಇದನ್ನು ಆತನಿಂದಲೇ ಕಲಿತ. 1797ರಲ್ಲಿ ಬಿಸೆತ್ರ್‌ನ ರೋಗಿಗಳ ಸರಪಳಿಗಳನ್ನು ಬಿಚ್ಚಿಸಿದವನು ಪ್ಯೂಸಾಂ. ಚರಿತ್ರೆ ಬಹುಕಾಲ ಆ ಕೀರ್ತಿಯನ್ನು ಪಿನೆಲ್‌ಗೆ ಕೊಟ್ಟಿತು.

1935ರಲ್ಲಿ ಅಮೆರಿಕದ ಅಕ್ರನ್ ನಗರದಲ್ಲಿ, ಕುಡಿತವನ್ನು ಬಿಡಲು ಹೆಣಗುತ್ತಿದ್ದ ಬಿಲ್ ವಿಲ್ಸನ್ ಎಂಬ ಷೇರು ವ್ಯವಹಾರದ ಮನುಷ್ಯ, ಬಾಬ್ ಸ್ಮಿತ್ ಎಂಬ ಶಸ್ತ್ರವೈದ್ಯನನ್ನು ಭೇಟಿಯಾದ. ಆಲ್ಕೊಹಾಲಿಕ್ಸ್ ಅನಾನಿಮಸ್ ಸಂಘಟನೆಯ ಆರಂಭ ಅದೇ. ಸಭೆಗಳಿಂದಾಗಿ ಅದು ಹೆಸರಾಗಿದ್ದರೂ ಅದರ ಬೇರು ಇಬ್ಬರ ನಡುವಿನ ಆ ಮಾತುಕತೆಯಲ್ಲಿದೆ. ಮೊದಲೇ ಬಿಟ್ಟವನು ಈಗ ಬಿಡುತ್ತಿರುವವನಿಗೆ ಆಸರೆಯಾಗಿ ನಿಲ್ಲುವ ಪದ್ಧತಿ ಇಂದಿಗೂ ಅಲ್ಲಿ ಉಳಿದಿದೆ. 1960ರಲ್ಲಿ ಲಾಸ್ ಏಂಜಲೀಸಿನಲ್ಲಿ ಅದೇ ಮಾದರಿಯನ್ನು ಅನುಸರಿಸಿ ಓವರ್‌ಈಟರ್ಸ್ ಅನಾನಿಮಸ್ ಹುಟ್ಟಿತು. ಆದರೆ ಅನ್ನದ ವಿಷಯದಲ್ಲಿ ಈ ಮಾದರಿಗೆ ಒಂದು ತೊಡಕಿದೆ. ಕುಡುಕನಿಗೆ ಮೊದಲ ಗುಟುಕನ್ನೇ ಮುಟ್ಟಬೇಡ ಎನ್ನಬಹುದು. ಉಣ್ಣಲು ಹೆದರುವವರಿಗೆ ಹಾಗೆ ಹೇಳುವಂತಿಲ್ಲ. ಅವರು ತಮ್ಮ ಭಯದ ವಸ್ತುವನ್ನು ದಿನಕ್ಕೆ ಮೂರು ಹೊತ್ತು, ಬದುಕಿರುವವರೆಗೂ, ಎದುರಿಸಲೇಬೇಕು.

1976ರಲ್ಲಿ ಅಮೆರಿಕದ ಇಲಿನಾಯ್ ರಾಜ್ಯದಲ್ಲಿ ವಿವಿಯನ್ ಮೀಹನ್ ಎಂಬ ದಾದಿ, ಅನೊರೆಕ್ಸಿಯಾದಿಂದ ಬಳಲುತ್ತಿದ್ದ ಮಗಳಿಗೆ ಸಹಾಯವನ್ನು ಹುಡುಕಿ ಸಿಗದೆ, ಈ ಕಾಯಿಲೆಯವರಿಗಾಗಿಯೇ ಒಂದು ಸಂಘವನ್ನು ಕಟ್ಟಿದಳು. ಬ್ರಿಟನ್ನಿನಲ್ಲಿ ಅಂಥ ಹಳೆಯ ಗುಂಪುಗಳು ಕೂಡಿ 1989ರಲ್ಲಿ ಒಂದು ರಾಷ್ಟ್ರೀಯ ಸಂಸ್ಥೆಯಾಯಿತು. ಮೊದಲು ನಡೆದದ್ದು ಗುಂಪುಕೂಟಗಳು. ಅವುಗಳಿಂದ ಬಹಳ ಜನರಿಗೆ ಒಳಿತಾಯಿತು, ಜೊತೆಗೆ ಒಂದು ಅಪಾಯವೂ ಕಂಡಿತು. ಹೋಲಿಕೆ ಈ ಕಾಯಿಲೆಯ ಸ್ವಭಾವ. ಕಾಯಿಲೆಯ ನಡುವೆಯೇ ಇರುವವರು ಒಟ್ಟಿಗೆ ಕೂತರೆ ತನಗಿಂತ ಯಾರು ತೆಳ್ಳಗಿದ್ದಾರೆ ಎಂಬ ಕಡೆಗೇ ಕಣ್ಣು ಹೋಗಬಹುದು. ಹೊಸ ಶತಮಾನದ ಆರಂಭದಲ್ಲಿ ಕಾಯಿಲೆಯನ್ನೇ ಜೀವನಶೈಲಿಯೆಂದು ಹೊಗಳಿ ಒಬ್ಬರನ್ನೊಬ್ಬರು ಹುರಿದುಂಬಿಸುವ ಕೂಟಗಳು ಅಂತರಜಾಲದಲ್ಲಿ ಹುಟ್ಟಿಕೊಂಡವು. 2001ರಲ್ಲಿ ಯಾಹೂ ಅಂಥವನ್ನು ತೆಗೆದುಹಾಕಬೇಕಾಯಿತು. ಸಮಾನದುಃಖಿಗಳೆಲ್ಲರೂ ಒಳ್ಳೆಯ ಒಡನಾಡಿಗಳಾಗುತ್ತಾರೆಂಬ ಭರವಸೆಯಿಲ್ಲ.

ಒಬ್ಬರಿಗೆ ಒಬ್ಬರು ಎಂಬ ಪದ್ಧತಿಗೆ ಬೆಲೆ ಬರುವುದು ಇಲ್ಲಿಯೇ. ಅದರಲ್ಲಿ ಒಬ್ಬರು ದಾಟಿ ಬಂದವರು, ಇನ್ನೊಬ್ಬರು ದಾಟುತ್ತಿರುವವರು. ದಾಟಿ ಬಂದವರು ತೂಕದ ಅಂಕಿಗಳನ್ನು ಎತ್ತುವುದಿಲ್ಲ, ಉಪದೇಶ ಮಾಡುವುದಿಲ್ಲ, ಔಷಧ ಹೇಳುವುದಿಲ್ಲ. ಊಟಕ್ಕೆ ಮೊದಲು ಒಂದು ಮಾತು, ಊಟದ ಹೊತ್ತಿಗೆ ಜೊತೆ, ಉಂಡ ಮೇಲೆ ಏಳುವ ತಳಮಳದ ಅರ್ಧ ಗಂಟೆಯಲ್ಲಿ ಮತ್ತೆ ಜೊತೆ. ‘ಇದು ಕಳೆಯುತ್ತದೆ’ ಎಂದು ವೈದ್ಯರು ಹೇಳಿದರೆ ಅದು ಜ್ಞಾನ. ಅದೇ ಮಾತನ್ನು ಇವರು ಹೇಳಿದರೆ ಎದುರಿಗಿರುವವರು ಪುರಾವೆಯನ್ನೇ ಕಣ್ಣಾರೆ ಕಾಣುತ್ತಾರೆ. ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದಲ್ಲಿ ಇಂಥ ಜೋಡಿಗಳನ್ನು ಏರ್ಪಡಿಸಿ ನಡೆಸಿದ ಸಣ್ಣ ಅಧ್ಯಯನವೊಂದು 2020ರಲ್ಲಿ ಪ್ರಕಟವಾಯಿತು. ಆಸರೆ ಪಡೆದವರಲ್ಲಿ ಕಾಯಿಲೆಯ ಲಕ್ಷಣಗಳು ತಗ್ಗಿ ಬದುಕಿನ ಗುಣಮಟ್ಟ ಹೆಚ್ಚಿದ್ದನ್ನು ಅದು ದಾಖಲಿಸಿತು.

ನಮ್ಮ ದೇಶದಲ್ಲಿ ಈ ಪ್ರಶ್ನೆಗೆ ಹಳೆಯ ಉತ್ತರ ಕುಟುಂಬ. 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ಆವರಣದಲ್ಲಿ ಡೇರೆಗಳನ್ನು ಹಾಕಿಸಿ ರೋಗಿಗಳ ಜೊತೆ ಮನೆಯವರನ್ನೂ ಇರಿಸಿಕೊಂಡರು. ಮನೆಯವರನ್ನು ದೂರವಿಡುವ ಯುರೋಪಿನ ಹಳೆಯ ಪದ್ಧತಿಗೆ ಇದು ತದ್ವಿರುದ್ಧ. 1980ರ ದಶಕದಲ್ಲಿ ಲಂಡನ್ನಿನ ಮಾಡ್ಸ್ಲಿ ಆಸ್ಪತ್ರೆಯ ವೈದ್ಯರೂ ಅನೊರೆಕ್ಸಿಯಾದ ಎಳೆಯ ರೋಗಿಗಳಿಗೆ ತಂದೆತಾಯಿಯರ ಕೈಯಿಂದಲೇ ಉಣಿಸುವ ಚಿಕಿತ್ಸೆಯನ್ನು ರೂಪಿಸಿದರು. ಕುಟುಂಬವಿಲ್ಲದೆ ಆಗದು, ನಿಜ. ಆದರೆ ‘ಇನ್ನೊಂದು ತುತ್ತು ತಿನ್ನವ್ವ’ ಎಂದು ಕಣ್ಣೀರಿಡುವ ತಾಯಿಯ ಎದುರು ಮಗಳು ತನ್ನ ಭಯವನ್ನು ಹೇಳಿಕೊಳ್ಳಲಾರಳು. ತಾಯಿಯನ್ನು ನೋಯಿಸಿದೆನೆಂಬ ಇನ್ನೊಂದು ಅಪರಾಧಭಾವ ಅದಕ್ಕೆ ಸೇರಿಕೊಳ್ಳುತ್ತದೆ. ಹೊರಗಿನವರೂ ಅಲ್ಲದ, ಮನೆಯವರೂ ಅಲ್ಲದ ಮೂರನೆಯವರು ಬೇಕಾಗುವುದು ಅದಕ್ಕಾಗಿ.

ಅಂಥ ಮೂರನೆಯವರನ್ನು ಬೇರೆ ಕಾಯಿಲೆಗಳಲ್ಲಿ ನಾವು ಆಗಲೇ ಕಂಡಿದ್ದೇವೆ. ಗಾಂಧೀಜಿಯ ಉಪವಾಸ ನಡೆದ ಅದೇ ಯರವಡಾದ ಮಾನಸಿಕ ಆಸ್ಪತ್ರೆಯ ಆವರಣದಲ್ಲಿ 1986ರಲ್ಲಿ ಮುಕ್ತಾಂಗಣ ವ್ಯಸನಮುಕ್ತಿ ಕೇಂದ್ರ ಆರಂಭವಾಯಿತು. ಮನೋವೈದ್ಯೆ ಡಾ. ಅನಿತಾ ಅವಚಟ, ಅವರ ಪತಿ ಲೇಖಕ ಅನಿಲ ಅವಚಟ ಅದನ್ನು ಕಟ್ಟಿದರು. ಮರಾಠಿಯ ಪು. ಲ. ದೇಶಪಾಂಡೆ ಬೆಂಬಲವಾಗಿ ನಿಂತರು. ಅಲ್ಲಿ ಗುಣ ಹೊಂದಿದವರೇ ಕಾರ್ಯಕರ್ತರಾಗಿ, ಸಲಹೆಗಾರರಾಗಿ ಹೊಸಬರ ಕೈಹಿಡಿಯುತ್ತಾರೆ. ಕರ್ನಾಟಕದಲ್ಲಿ ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆಯ ಮದ್ಯವರ್ಜನ ಶಿಬಿರಗಳನ್ನು ಬಲ್ಲವರಿಗೆ ನವಜೀವನ ಸಮಿತಿಗಳು ಗೊತ್ತು. ಶಿಬಿರ ಮುಗಿಸಿದವರು ಊರಲ್ಲಿ ಮತ್ತೆ ಜಾರದಂತೆ ಒಬ್ಬರಿಗೊಬ್ಬರು ಆಸರೆಯಾಗಲು ಮಾಡಿಕೊಂಡ ವ್ಯವಸ್ಥೆ ಅದು. ಪುಣೆಯ ನಗರಕ್ಕೂ ಬೆಳ್ತಂಗಡಿಯ ಹಳ್ಳಿಗೂ ಒಗ್ಗಿದ ಪದ್ಧತಿಯನ್ನು ಪರದೇಶದ್ದೆಂದು ದೂರವಿಡಲು ಕಾರಣವಿಲ್ಲ.

ಇಲ್ಲಿ ಈ ಕಾಯಿಲೆಯೇ ಇಲ್ಲ ಎಂಬ ಮಾತೂ ನಿಲ್ಲುವುದಿಲ್ಲ. ಬೆಂಗಳೂರಿನ ಮನೋವೈದ್ಯರ ನಡುವೆ ನಡೆದು 2012ರಲ್ಲಿ ಪ್ರಕಟವಾದ ಸಮೀಕ್ಷೆಯಲ್ಲಿ, ಉತ್ತರಿಸಿದವರ ಪೈಕಿ ಹೆಚ್ಚಿನವರು ಇಂಥ ರೋಗಿಯೊಬ್ಬರನ್ನಾದರೂ ನೋಡಿದ್ದಾಗಿ ಹೇಳಿದ್ದರು. ಮಹಾನಗರಗಳ ಆಚೆ ನಮ್ಮ ಕುರಕುಂಭದಂಥ ಊರುಗಳಲ್ಲಿ ಇದು ‘ಹೊಟ್ಟೆಯ ತೊಂದರೆ’, ‘ದೃಷ್ಟಿ’, ‘ಹಟ’ ಎಂಬ ಹೆಸರುಗಳಲ್ಲಿ ಅಡಗಿಕೊಳ್ಳುತ್ತದೆ. ಮೂರು ಪಾಳಿಯ ದುಡಿಮೆಯ ಮನೆಗಳಲ್ಲಿ ಯಾರು ಯಾವಾಗ ಉಂಡರೆಂದು ನೋಡುವವರೂ ಇರುವುದಿಲ್ಲ. ಹೆಸರಿಲ್ಲದ ಕಾಯಿಲೆಯಿಂದ ಗುಣವಾದವರು ತಾವು ಗುಣವಾದೆವೆಂದು ಹೇಳಿಕೊಳ್ಳುವುದಾದರೂ ಹೇಗೆ? ಅವರು ಮೌನವಾಗಿರುವವರೆಗೆ ಮುಂದಿನವರಿಗೆ ಒಡನಾಡಿ ಸಿಗುವುದಿಲ್ಲ.

ಇದರ ಮಿತಿಗಳನ್ನೂ ಹೇಳಬೇಕು. ಒಡನಾಡಿ ವೈದ್ಯರಿಗೆ ಬದಲಿಯಲ್ಲ. ತಲೆಸುತ್ತು, ಎದೆಬಡಿತದ ಏರುಪೇರು, ಬದುಕು ಬೇಡವೆಂಬ ಮಾತು ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಒಡನಾಡಿಯಾಗುವವರು ತಾವು ದೃಢವಾಗಿ ಚೇತರಿಸಿಕೊಂಡಿರಬೇಕು, ತರಬೇತಿ ಪಡೆದಿರಬೇಕು, ಅವರ ಬೆನ್ನಿಗೂ ತಜ್ಞರೊಬ್ಬರು ಇರಬೇಕು. ಇಲ್ಲವಾದರೆ ಕೈಹಿಡಿದೆತ್ತಲು ಹೋದವರೇ ಮತ್ತೆ ಜಾರುವ ಭಯವಿದೆ. ಮೊದಲ ಹೆಜ್ಜೆಗೆ ದಾರಿ ತಿಳಿಯದವರು ಕೇಂದ್ರ ಸರ್ಕಾರ 2022ರಲ್ಲಿ ಆರಂಭಿಸಿದ ಟೆಲಿ ಮನಸ್ ಸಹಾಯವಾಣಿಗೆ 14416 ಸಂಖ್ಯೆಯಲ್ಲಿ ಕರೆಮಾಡಬಹುದು. ಅಲ್ಲಿ ಕನ್ನಡದಲ್ಲೂ ಮಾತನಾಡುವವರಿದ್ದಾರೆ.

ದ್ವಾದಶಿಯ ಬೆಳಿಗ್ಗೆ ಪಾರಣೆಗೆ ಒಬ್ಬರಾದರೂ ಅತಿಥಿ ಪಂಕ್ತಿಯಲ್ಲಿದ್ದರೆ ಒಳ್ಳೆಯದೆಂದು ನಮ್ಮ ಹಿರಿಯರು ಬಯಸುತ್ತಿದ್ದರು. ಉಪವಾಸ ಒಬ್ಬರೇ ಮಾಡಬಹುದಾದದ್ದು, ಅದನ್ನು ಮುಗಿಸುವಾಗ ಇನ್ನೊಬ್ಬರು ಜೊತೆಗಿರಲಿ ಎಂಬುದು ಅವರ ಭಾವನೆಯಾಗಿದ್ದಿರಬೇಕು. ಗುಣ ಹೊಂದಿದ ಕನ್ನಡಿಗರು ನಮ್ಮ ನಡುವೆ ಖಂಡಿತ ಇದ್ದಾರೆ. ಅವರು ನಿರ್ಭಯವಾಗಿ ಮುಂದೆ ಬಂದು ಇನ್ನೊಬ್ಬರ ಪಂಕ್ತಿಯಲ್ಲಿ ಕೂರುವಂಥ ಏರ್ಪಾಟನ್ನು ನಮ್ಮ ಆಸ್ಪತ್ರೆಗಳೂ ಕಾಲೇಜುಗಳೂ ಸಂಘಗಳೂ ಇನ್ನು ಮಾಡಬೇಕಾಗಿದೆ.